ಒಂದು ಸೆಕೆಂಡಿನ ಆಯಸ್ಸು

ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಪಕ್ಕದ ಮೋಹಿನಿ ಶಿಖರ 90 ಮೀಟರ್. ಎರಡೂ ಕಪ್ಪು ಸುಣ್ಣದ ಕಲ್ಲು. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಉರಿದುಹೋದದ್ದು ಇಲ್ಲಿಯೇ, ಬಂಡೆಗಳ ಬುಡದ ಕಪ್ಪು ಮಣ್ಣು ಅವನದೇ ಬೂದಿ ಎಂದು ಈ ಸೀಮೆಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ರಸಾಯನಶಾಸ್ತ್ರ ಹೇಳುವ ಕಥೆಯಲ್ಲಿ ಅಸುರನ ಜಾಗದಲ್ಲಿ ಮಳೆಯಿದೆ. ಮೋಡದಿಂದ ಇಳಿಯುವ ಹನಿ ದಾರಿಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಂಡು ಕಾರ್ಬಾನಿಕ್ ಆಮ್ಲ ಆಗುತ್ತದೆ. ಹಾಗಾಗಿ ಯಾವ ಕೊಳೆಯೂ ಇಲ್ಲದ ಗಾಳಿಯಲ್ಲಿ ಬಿದ್ದ ಮಳೆನೀರಿನ ಪಿಎಚ್ ಕೂಡ 7 ಇರುವುದಿಲ್ಲ, 5.6ರ ಆಸುಪಾಸಿನಲ್ಲಿರುತ್ತದೆ. ನಮ್ಮ ನಾಲಿಗೆಗೆ ಸಿಗದ ಈ ಹುಳಿ ಸುಣ್ಣದ ಕಲ್ಲಿಗೆ ಸಾಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಕುಮಟಾ ತಾಲ್ಲೂಕಿನಲ್ಲಿ ಅದು ಯುಗಯುಗಗಳಿಂದ ಕಲ್ಲನ್ನು ಕರಗಿಸುತ್ತಲೇ ಬಂದಿದೆ. ಉಳಿದದ್ದು ಈ ಸಂದುಗಳು, ಗುಹೆಗಳು, ಆಕಾಶಕ್ಕೆ ಚುಚ್ಚಿದಂಥ ಮೊನೆಗಳು.

ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗುತ್ತಾನೆ ಎಂಬ ಹಳೆಯ ಮಾತು ಈಗ ಅರ್ಧ ಸುಳ್ಳಾಗಿದೆ. ಸೊಕ್ಕು ಕಡಿಮೆ ಇರುವವರೂ ಕಾರಿನಲ್ಲಿ ಬಂದು, ಸ್ವಲ್ಪ ದೂರ ನಡೆದು, ಬಂಡೆಯ ಬುಡದಲ್ಲಿ ನಿಂತು ಎದೆತುಂಬ ಉಸಿರೆಳೆದು ‘ಗಾಳಿ ಎಷ್ಟು ಶುದ್ಧ!’ ಎನ್ನುತ್ತಾರೆ. ಶುದ್ಧ ಮಾಡಿದವರು ಯಾರು ಎಂದು ಕೇಳಿದರೆ ಮರಗಿಡ ಎಂದೋ ಮಳೆ ಎಂದೋ ಉತ್ತರ ಬರುತ್ತದೆ. ಮಳೆ ಎಂಬ ಉತ್ತರ ಒಂದು ಪಾಲು ಸರಿ. ಧೂಳು, ಹೊಗೆಯ ಕಣ, ನೀರಿನಲ್ಲಿ ಸುಲಭವಾಗಿ ಕರಗುವ ಆಮ್ಲಗಳು, ಇವೆಲ್ಲ ಮಳೆಯ ಜೊತೆ ನೆಲಕ್ಕೆ ಬರುತ್ತವೆ. ಆದರೆ ಗದ್ದೆಯಿಂದ, ದನದ ಹೊಟ್ಟೆಯಿಂದ ಹೊರಡುವ ಮೀಥೇನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಒಲೆಯ ಕಾರ್ಬನ್ ಮೊನಾಕ್ಸೈಡ್ ಹಾಗೆಯೇ. ಈಗಿನ ಫ್ರಿಜ್ಜಿನ ಅನಿಲ, ಪೇಂಟಿನ ದ್ರಾವಕ, ಮರಗಳೇ ಬಿಡುವ ಐಸೊಪ್ರೀನ್, ಇವನ್ನೂ ಮಳೆ ಮುಟ್ಟುವುದಿಲ್ಲ. ಇವೆಲ್ಲ ಗಾಳಿಗೆ ಸೇರುತ್ತಲೇ ಇದ್ದರೂ ಗಾಳಿ ಇವುಗಳಿಂದ ತುಂಬಿಹೋಗಿಲ್ಲ. ಅಂದರೆ ಯಾರೋ ತೆಗೆಯುತ್ತಿದ್ದಾರೆ.

1971ರಲ್ಲಿ ಹೈರಮ್ ಲೆವಿ ಎಂಬ ಅಮೆರಿಕದ ವಿಜ್ಞಾನಿ ಉತ್ತರ ಕೊಟ್ಟರು. ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್ ಎಂಬ ಅರೆಬರೆ ಅಣು ನೆಲದ ಹತ್ತಿರದ ಗಾಳಿಯಲ್ಲೂ ಹುಟ್ಟುತ್ತದೆ, ಅದೇ ಈ ಕೆಲಸ ಮಾಡುತ್ತದೆ ಎಂದರು. ನೀರಿನ ಅಣುವಿನಿಂದ ಒಂದು ಜಲಜನಕ ಕಿತ್ತರೆ ಉಳಿಯುವುದು ಹೈಡ್ರಾಕ್ಸಿಲ್. ಕಳೆದುಹೋದ ಜಲಜನಕವನ್ನು ಎದುರಿಗೆ ಸಿಕ್ಕ ಯಾವ ಅಣುವಿನಿಂದಾದರೂ ಕಿತ್ತುಕೊಂಡು ಮತ್ತೆ ನೀರಾಗಬೇಕೆಂಬುದು ಅದರ ಹಟ. ಹಾಗೆ ಕಿತ್ತಾಗ ಎದುರಿನ ಅಣು ಮುರಿಯುತ್ತದೆ, ಆಮ್ಲಜನಕದ ಜೊತೆ ಕೂಡುತ್ತದೆ, ಹಂತಹಂತವಾಗಿ ಉರಿದು ನೀರಿನಲ್ಲಿ ಕರಗುವ ವಸ್ತುವಾಗುತ್ತದೆ. ಆಮೇಲೆ ಅದನ್ನು ಮಳೆ ನೋಡಿಕೊಳ್ಳುತ್ತದೆ.

ಹೈಡ್ರಾಕ್ಸಿಲ್ ಹುಟ್ಟುವ ಬಗೆಯೇ ಸ್ವಾರಸ್ಯದ್ದು. ಗಾಳಿಯ ಓಝೋನ್ ಅಣುವಿಗೆ ಸೂರ್ಯನ ಅತಿನೇರಳೆ ಕಿರಣ ಬಡಿದಾಗ ಉದ್ರಿಕ್ತ ಆಮ್ಲಜನಕದ ಪರಮಾಣುವೊಂದು ಸಿಡಿಯುತ್ತದೆ. ಸಾರಜನಕಕ್ಕೋ ಆಮ್ಲಜನಕದ ಅಣುವಿಗೋ ಡಿಕ್ಕಿ ಹೊಡೆದು ತಣ್ಣಗಾಗುವ ಮೊದಲೇ ಅದಕ್ಕೆ ನೀರಾವಿಯ ಅಣು ಸಿಕ್ಕರೆ ಎರಡು ಹೈಡ್ರಾಕ್ಸಿಲ್ ಆಗುತ್ತವೆ. ಬಿಸಿಲು, ತೇವ ಎರಡೂ ಬೇಕು. ಹಾಗಾಗಿ ಭೂಮಿಯ ಹೈಡ್ರಾಕ್ಸಿಲ್‌ನ ದೊಡ್ಡ ಪಾಲು ಹುಟ್ಟುವುದು ನಮ್ಮಂಥ ಉಷ್ಣವಲಯದಲ್ಲಿ. ಲಂಡನ್ನಿನ ಹೊಗೆಯಲ್ಲಿ ಒಂದು ಪಾಲು ಕೊನೆಗೆ ಕರಗುವುದು ಅರಬ್ಬಿ ಸಮುದ್ರದಂಥ ಕಡಲುಗಳ ಮೇಲಿನ ಗಾಳಿಯಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ.

ಹುಟ್ಟಿದ ಹೈಡ್ರಾಕ್ಸಿಲ್ ಬದುಕುವುದು ಹೆಚ್ಚೆಂದರೆ ಒಂದು ಸೆಕೆಂಡು. ಪ್ರಮಾಣವೋ, ಕೇಳಿದರೆ ನಗು ಬರುತ್ತದೆ: 25 ಲಕ್ಷ ಕೋಟಿ ಅಣುಗಳಲ್ಲಿ ಸರಾಸರಿ ಒಂದು. ಇಷ್ಟು ವಿರಳವಾದ, ಇಷ್ಟು ಅಲ್ಪಾಯುಷಿಯಾದ ವಸ್ತು ಇಡೀ ವಾಯುಮಂಡಲವನ್ನು ತೊಳೆಯುತ್ತದೆ ಎಂದು 1971ರಲ್ಲಿ ನಂಬುವುದು ಸುಲಭವಿರಲಿಲ್ಲ. ನಂಬಿಕೆಯ ಮಾತು ಬಿಟ್ಟು ಲೆಕ್ಕಕ್ಕೆ ಇಳಿಯಬೇಕಾದರೆ ಒಂದು ಅಂಕಿ ಬೇಕಾಗಿತ್ತು. ಹೈಡ್ರಾಕ್ಸಿಲ್ ಯಾವ ಅನಿಲವನ್ನು ಎಷ್ಟು ವೇಗವಾಗಿ ಮುರಿಯುತ್ತದೆ? ಪ್ರತಿ ಅನಿಲಕ್ಕೂ ಒಂದೊಂದು ಅಂಕಿ, ಅದೂ ಪ್ರತಿ ಉಷ್ಣತೆಗೂ ಬೇರೆ ಬೇರೆ.

ಆ ಅಂಕಿಗಳನ್ನು ಅಳೆಯುವುದರಲ್ಲಿ ತನ್ನ ವೃತ್ತಿಜೀವನವನ್ನೇ ಹಾಕಿದ ರಸಾಯನವಿಜ್ಞಾನಿ ಎ. ಆರ್. ರವಿಶಂಕರ. ಹೆಸರಿನ ಮೊದಲಿನ ‘ಎ’ ಅಕ್ಕಿಹೆಬ್ಬಾಳು, ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಊರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಅಲ್ಲಿಯೇ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದರು. 1975ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಜಾರ್ಜಿಯಾ ಟೆಕ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ, 1984ರಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿರುವ ‘ನೋವಾ’ ಸಂಸ್ಥೆಯ ಪ್ರಯೋಗಾಲಯ ಸೇರಿದರು. ನೋವಾ ಎಂದರೆ ಅಮೆರಿಕ ಸರ್ಕಾರದ ಸಾಗರ ಮತ್ತು ವಾಯುಮಂಡಲ ಆಡಳಿತ. ಅಲ್ಲಿ ಮೂವತ್ತು ವರ್ಷ, ಕೊನೆಯ ಎಂಟು ವರ್ಷ ರಸಾಯನ ವಿಭಾಗದ ನಿರ್ದೇಶಕರಾಗಿ. 2014ರಲ್ಲಿ ಫೋರ್ಟ್ ಕಾಲಿನ್ಸಿನ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು 2000ದಲ್ಲಿ ಸದಸ್ಯರನ್ನಾಗಿ ಆರಿಸಿತು. ಬಯೋಡೇಟಾ ಇಷ್ಟು ಸಾಕು. ನಮ್ಮ ಮೈಸೂರಿನವರು ಅಲ್ಲಿ ಹೋಗಿ ಗೆದ್ದರು ಎಂದು ಬೀಗುವುದರಲ್ಲಾಗಲಿ, ಇಲ್ಲಿ ಉಳಿಯಲಿಲ್ಲವಲ್ಲ ಎಂದು ಹಲುಬುವುದರಲ್ಲಾಗಲಿ ನನಗೆ ಆಸಕ್ತಿಯಿಲ್ಲ. ನೋಡಬೇಕಾದದ್ದು ಅವರ ಕೈಕೆಲಸವನ್ನು.

ಆ ಕೆಲಸ ನಡೆಯುವುದು ಗಾಜಿನ ಒಂದು ಕೊಳವೆಯಲ್ಲಿ. ಒಳಗೆ ಹೀಲಿಯಮ್‌ನಂಥ ನಿರುಪದ್ರವಿ ಅನಿಲ ನಿಧಾನವಾಗಿ ಹರಿಯುತ್ತಿರುತ್ತದೆ. ಅದರಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಆವಿ. ಒಂದು ಲೇಸರ್ ಮಿಂಚಿದರೆ ಪೆರಾಕ್ಸೈಡ್ ಅಣು ಎರಡಾಗಿ ಸೀಳಿ ಎರಡು ಹೈಡ್ರಾಕ್ಸಿಲ್ ಬರುತ್ತವೆ. ಸೆಕೆಂಡಿನ ಸಾವಿರದ ಒಂದೆರಡು ಭಾಗ ಕಳೆಯುವಷ್ಟರಲ್ಲಿ, ಬೇರೆ ಬಣ್ಣಕ್ಕೆ ಹೊಂದಿಸಿದ ಎರಡನೇ ಲೇಸರ್ ಹಾಯುತ್ತದೆ. ಹೈಡ್ರಾಕ್ಸಿಲ್ ಅದನ್ನು ನುಂಗಿ ತನ್ನದೇ ಆದ ಮಂದ ಅತಿನೇರಳೆ ಬೆಳಕನ್ನು ಉಗುಳುತ್ತದೆ. ಪಕ್ಕದಲ್ಲಿ ಕುಳಿತ ಉಪಕರಣ ಆ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಎರಡು ಮಿಂಚುಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋದರೆ ಬೆಳಕು ಕುಗ್ಗುತ್ತ ಹೋಗುತ್ತದೆ. ಈಗ ಕೊಳವೆಗೆ ಮೀಥೇನ್ ಬಿಟ್ಟು ಮತ್ತೆ ಅಳೆಯಬೇಕು. ಬೆಳಕು ಮೊದಲಿಗಿಂತ ಬೇಗ ಕುಗ್ಗುತ್ತದೆ. ಎಷ್ಟು ಬೇಗ ಎಂಬುದೇ ಬೇಕಾದ ಅಂಕಿ.

ಕೇಳಲು ಸರಳ. ಕಷ್ಟವಿರುವುದು ಮೀಥೇನಿನ ಸ್ವಭಾವದಲ್ಲಿ. ಹೈಡ್ರಾಕ್ಸಿಲ್ ಬಂದು ಹತ್ತಾರು ಸಾವಿರ ಸಲ ಡಿಕ್ಕಿ ಹೊಡೆದರೆ ಒಮ್ಮೆ ಮಾತ್ರ ಮೀಥೇನ್ ತನ್ನ ಜಲಜನಕ ಬಿಟ್ಟುಕೊಡುತ್ತದೆ. ಅದರ ಸೋದರ ಈಥೇನ್ ಸುಮಾರು ನಲವತ್ತು ಪಟ್ಟು ಸಲೀಸು. ಹಾಗಾಗಿ ಸಿಲಿಂಡರಿನ ಮೀಥೇನಿನಲ್ಲಿ ನೂರಕ್ಕೆ ಅರ್ಧ ಪಾಲು ಈಥೇನ್ ಕಲಬೆರಕೆಯಾಗಿದ್ದರೂ ಅಂಕಿ ಶೇಕಡಾ ಇಪ್ಪತ್ತು ತಪ್ಪಾಗಿ ಬರುತ್ತದೆ. ಹೈಡ್ರಾಕ್ಸಿಲ್‌ಗಳು ತಮ್ಮತಮ್ಮಲ್ಲೇ ಕೂಡಿಕೊಂಡರೂ ತಪ್ಪು, ಕೊಳವೆಯ ಗೋಡೆಗೆ ಅಂಟಿದರೂ ತಪ್ಪು. ಮೇಲಾಗಿ ಮೀಥೇನ್ ಮುರಿಯುವುದು ಬರೀ ನೆಲದ ಸೆಕೆಯಲ್ಲಿ ಅಲ್ಲ, ಹತ್ತು ಕಿಲೋಮೀಟರ್ ಮೇಲಿನ ಕೊರೆಯುವ ಚಳಿಯಲ್ಲೂ. ಉಷ್ಣತೆ ಇಳಿದಂತೆ ಕ್ರಿಯೆ ಇನ್ನೂ ನಿಧಾನ, ಅಳತೆ ಇನ್ನೂ ಕಷ್ಟ.

ಎಲ್ಲ ತಪ್ಪುಗಳ ಬಾಗಿಲನ್ನೂ ಮುಚ್ಚಿ, ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯವರೆಗೂ ಹೋಗಿ ಅಳೆದ ಫಲಿತಾಂಶವನ್ನು ಸಹಸಂಶೋಧಕ ವಘ್‌ಜಿಯಾನಿ ಮತ್ತು ರವಿಶಂಕರ 1991ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಎಲ್ಲರೂ ಬಳಸುತ್ತಿದ್ದ ಅಂಕಿಗಿಂತ ಹೊಸ ಅಂಕಿ ಚಿಕ್ಕದು. ಅಂದರೆ ಗಾಳಿಯಲ್ಲಿ ಮೀಥೇನಿನ ಆಯಸ್ಸು ತಿಳಿದುಕೊಂಡದ್ದಕ್ಕಿಂತ ಸುಮಾರು ಕಾಲುಭಾಗ ಹೆಚ್ಚು.

ಇದರಿಂದ ಏನಾಯಿತು? ಅಡಿಕೆ ತೋಟದ ಕೆರೆಯನ್ನು ನೆನೆಯಿರಿ. ನೀರಿನ ಮಟ್ಟ ಕಣ್ಣಿಗೆ ಕಾಣುತ್ತದೆ, ಒಳಗೆ ಬರುವ ಒರತೆಗಳು ಮಾತ್ರ ಎಲ್ಲೆಲ್ಲಿವೆಯೋ ಲೆಕ್ಕಕ್ಕೆ ಸಿಗವು. ಆದರೆ ತೂಬಿನಿಂದ ಎಷ್ಟು ಹೋಗುತ್ತಿದೆ ಎಂದು ಗೊತ್ತಾದರೆ, ಮಟ್ಟ ಒಂದೇ ಸಮ ನಿಂತಿರುವಾಗ ಒರತೆಯಿಂದ ಅಷ್ಟೇ ಬರುತ್ತಿದೆ ಎಂದು ಹೇಳಬಹುದು. ಜಗತ್ತಿನ ಗದ್ದೆಗಳೆಷ್ಟು, ಜೌಗುಗಳೆಷ್ಟು, ದನಗಳೆಷ್ಟು, ಗಣಿಗಳೆಷ್ಟು ಮೀಥೇನ್ ಬಿಡುತ್ತವೆ ಎಂದು ಒಂದೊಂದನ್ನೂ ಅಳೆದು ಕೂಡಿಸುವುದು ಆಗದ ಮಾತು. ಹೈಡ್ರಾಕ್ಸಿಲ್ ಎಂಬ ತೂಬಿನ ಹರಿವು ಕಡಿಮೆ ಎಂದು ಗೊತ್ತಾದ ಕೂಡಲೇ ಒಳಹರಿವಿನ ಲೆಕ್ಕವೂ ಕೋಟಿಗಟ್ಟಲೆ ಟನ್ ಕೆಳಗಿಳಿಯಿತು. ಬೋಲ್ಡರ್‌ನ ಗಾಜಿನ ಕೊಳವೆಯಲ್ಲಿ ಒಂದು ಅಂಕಿ ಕದಲಿದ್ದಕ್ಕೆ ಏಷ್ಯಾದ ಭತ್ತದ ಗದ್ದೆಗಳ ಮೇಲಿನ ಲೆಕ್ಕವನ್ನೂ ಮತ್ತೆ ನೋಡಬೇಕಾಯಿತು. ವಿಜ್ಞಾನದಲ್ಲಿ ಹೊಸ ಸಿದ್ಧಾಂತ ಕಂಡುಹಿಡಿದವರಿಗೆ ಸಿಗುವ ಹೆಸರು ಒಂದು ಅಂಕಿಯನ್ನು ಸರಿಯಾಗಿ ಅಳೆದವರಿಗೆ ಸಿಗುವುದಿಲ್ಲ. ಸಿಗಬೇಕು ಎನ್ನುವುದು ನನ್ನ ಪಕ್ಷ.

ಹೈಡ್ರಾಕ್ಸಿಲ್ ಹುಟ್ಟುವ ಹೆಜ್ಜೆಯನ್ನೂ ರವಿಶಂಕರ ಬಿಡಲಿಲ್ಲ. ಓಝೋನ್ ಸೀಳಿ ಉದ್ರಿಕ್ತ ಪರಮಾಣು ಸಿಡಿಯಲು 310 ನ್ಯಾನೊಮೀಟರಿಗಿಂತ ಗಿಡ್ಡ ಅಲೆಯ ಬೆಳಕೇ ಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದಕ್ಕಿಂತ ಉದ್ದದ ಅಲೆಯ ಬೆಳಕೂ ಸಣ್ಣ ಪ್ರಮಾಣದಲ್ಲಿ ಆ ಕೆಲಸ ಮಾಡುತ್ತದೆ ಎಂದು ತೊಂಬತ್ತರ ದಶಕದಲ್ಲಿ ಅವರ ಗುಂಪು ಮತ್ತು ಜಪಾನ್, ಇಂಗ್ಲೆಂಡಿನ ಗುಂಪುಗಳು ತೋರಿಸಿದವು. ಸಣ್ಣ ಪ್ರಮಾಣವೆಂದು ತಳ್ಳಿಹಾಕುವಂತಿಲ್ಲ. ನೆಲದವರೆಗೆ ತಲುಪುವ ಬೆಳಕಿನಲ್ಲಿ ಗಿಡ್ಡ ಅಲೆಗಳೇ ಕಡಿಮೆ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುವಾಗ ಹೈಡ್ರಾಕ್ಸಿಲ್ ಹುಟ್ಟುವುದರಲ್ಲಿ ಈ ಬಾಲದ ಬೆಳಕಿನದೇ ದೊಡ್ಡ ಪಾಲು.

ಬೋಲ್ಡರ್‌ಗೆ ಅವರು ಹೋದ ಮರುವರ್ಷ, 1985ರಲ್ಲಿ, ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರ ಕಂಡ ಸುದ್ದಿ ಬಂತು. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಕ್ಲೋರೊಫ್ಲೋರೊಕಾರ್ಬನ್‌ಗಳು, ಅಂದರೆ ಸಿಎಫ್‌ಸಿಗಳು, ಓಝೋನನ್ನು ತಿನ್ನಬಹುದೆಂದು ಮೊಲಿನಾ, ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. ಆದರೆ ಇಷ್ಟು ಬೇಗ, ಇಷ್ಟು ದೊಡ್ಡದಾಗಿ, ಅದೂ ದಕ್ಷಿಣ ಧ್ರುವದಲ್ಲಿ ಎಂದು ಯಾರೂ ಎಣಿಸಿರಲಿಲ್ಲ. ಧ್ರುವದ ಮೋಡದ ಮಂಜಿನ ಕಣಗಳ ಮೈಮೇಲೆ ನಡೆಯುವ ಕ್ರಿಯೆಗಳು ಇದಕ್ಕೆ ಕಾರಣ ಎಂದು ಸೂಸನ್ ಸಾಲೊಮನ್ ಮತ್ತು ಸಂಗಡಿಗರು ಸೂಚಿಸಿದರು. ಸಾಲೊಮನ್ ಅವರೂ ಅದೇ ಬೋಲ್ಡರ್ ಪ್ರಯೋಗಾಲಯದವರು. ಸೂಚಿಸುವುದು ಒಂದು, ಅಳೆಯುವುದು ಇನ್ನೊಂದು. ಮಂಜಿನ ತೆಳು ಪದರವನ್ನು ಕೊಳವೆಯ ಒಳಗೋಡೆಗೆ ಹಚ್ಚಿ, ಸುಮ್ಮನೆ ಕುಳಿತ ಕ್ಲೋರಿನ್ ಸಂಯುಕ್ತಗಳು ಅದರ ಮೇಲೆ ಎಷ್ಟು ಬೇಗ ಚುರುಕಾಗುತ್ತವೆ ಎಂದು ಡೇವಿಡ್ ಹ್ಯಾನ್ಸನ್ ಜೊತೆ ರವಿಶಂಕರ ಅಳೆದರು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಸಿಎಫ್‌ಸಿ ಬಿಡಬೇಕಾದ ಕಂಪನಿಗಳು ಬದಲಿ ಅನಿಲಗಳ ಪಟ್ಟಿ ಹಿಡಿದು ಬಂದವು. ನಮ್ಮ ಹೈಡ್ರಾಕ್ಸಿಲ್ ಇಲ್ಲಿ ಮತ್ತೆ ಬರುತ್ತದೆ. ಸಿಎಫ್‌ಸಿಯಲ್ಲಿ ಜಲಜನಕವೇ ಇಲ್ಲ, ಹೈಡ್ರಾಕ್ಸಿಲ್‌ಗೆ ಕಿತ್ತುಕೊಳ್ಳಲು ಏನೂ ಸಿಗುವುದಿಲ್ಲ, ಹಾಗಾಗಿಯೇ ಅದು ಮುರಿಯದೆ ಮೇಲಿನ ಸ್ತರಗೋಳದವರೆಗೂ ಹೋಗುತ್ತದೆ. ಬದಲಿ ಅಣುಗಳಲ್ಲಿ ಒಂದೆರಡು ಜಲಜನಕ ಇಟ್ಟರೆ ಅವು ಕೆಳಗೇ ಮುರಿದುಬೀಳಬೇಕು. ಬೀಳುತ್ತವೆಯೇ, ಎಷ್ಟು ವರ್ಷದಲ್ಲಿ? ಒಂದೊಂದು ಅಣುವನ್ನೂ ಕೊಳವೆಗೆ ಬಿಟ್ಟು ನೋಡಬೇಕಾಯಿತು. ಇಂದು ನಿಮ್ಮ ಕಾರಿನ ಏಸಿಯಲ್ಲಿರುವ ಆರ್-134ಎ ಅನಿಲದ ಆಯಸ್ಸು ಸುಮಾರು 14 ವರ್ಷ ಎಂದು ಹೇಳುವುದು ಇಂಥ ಅಳತೆಗಳ ಮೇಲೆಯೇ.

ನಡುವೆ ಒಂದು ಗಾಬರಿಯೂ ಹುಟ್ಟಿತ್ತು. ಈ ಬದಲಿ ಅಣುಗಳು ಮುರಿದಾಗ ಬರುವ ಫ್ಲೋರಿನ್ ತುಂಡುಗಳೇ ಓಝೋನನ್ನು ತಿಂದರೆ? ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂದು ಪತ್ರಿಕೆಗಳು ಬರೆಯುವ ಮೊದಲೇ 1994ರಲ್ಲಿ ರವಿಶಂಕರ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ತಿನ್ನುವುದಿಲ್ಲ, ಲೆಕ್ಕಕ್ಕಿಲ್ಲದಷ್ಟು ಅಲ್ಪ. ಅದಕ್ಕೂ ಒಂದು ವರ್ಷ ಮೊದಲು ಅವರೇ ಕೊಟ್ಟ ಇನ್ನೊಂದು ಉತ್ತರ ಇಷ್ಟು ನೆಮ್ಮದಿಯದಾಗಿರಲಿಲ್ಲ. ಅಲ್ಯೂಮಿನಿಯಂ ಕಾರ್ಖಾನೆಗಳಿಂದ ಸೋರುವ ಕಾರ್ಬನ್ ಟೆಟ್ರಾಫ್ಲೋರೈಡ್ ಎಂಬ ಅನಿಲ ಗಾಳಿಯಲ್ಲಿ 50,000 ವರ್ಷಕ್ಕೂ ಹೆಚ್ಚು ಉಳಿಯುತ್ತದೆ ಎಂದು ಅವರ ಲೆಕ್ಕ ಹೇಳಿತು. ಮನುಷ್ಯ ಕೃಷಿ ಕಲಿತು ಹನ್ನೆರಡು ಸಾವಿರ ವರ್ಷವೂ ಆಗಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಓಝೋನ್ ತಿನ್ನದಿದ್ದರೂ ಈ ಬದಲಿ ಅನಿಲಗಳು ಭೂಮಿಯನ್ನು ಬಿಸಿಮಾಡುತ್ತವೆ ಎಂಬುದು ಮೊದಲಿನಿಂದಲೂ ಗೊತ್ತಿದ್ದ ಸಂಗತಿ. ಸಿಎಫ್‌ಸಿ ಹಸಿರುಮನೆ ಅನಿಲವೂ ಹೌದೆಂದು 1975ರಲ್ಲೇ ತೋರಿಸಿದವರು ವೀರಭದ್ರನ್ ರಾಮನಾಥನ್. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಬದಲಿ ಅನಿಲಗಳನ್ನೂ ಇಳಿಸುವ ಕಿಗಾಲಿ ತಿದ್ದುಪಡಿ 2016ರಲ್ಲಿ ಬಂತು, ಭಾರತ 2021ರಲ್ಲಿ ಅದಕ್ಕೆ ಮುದ್ರೆ ಒತ್ತಿತು.

2009ರಲ್ಲಿ ರವಿಶಂಕರ, ಜಾನ್ ಡೇನಿಯಲ್, ರಾಬರ್ಟ್ ಪೋರ್ಟ್‌ಮನ್ ಮೂವರು ‘ಸೈನ್ಸ್’ನಲ್ಲಿ ಪ್ರಕಟಿಸಿದ ಪ್ರಬಂಧ ನಮ್ಮ ರೈತರ ಹೊಲಕ್ಕೇ ಬಂದು ನಿಲ್ಲುತ್ತದೆ. ಇಪ್ಪತ್ತೊಂದನೇ ಶತಮಾನದಲ್ಲಿ ಮನುಷ್ಯ ಬಿಡುತ್ತಿರುವ ಅನಿಲಗಳಲ್ಲಿ ಓಝೋನಿಗೆ ಅತಿ ಹೆಚ್ಚು ಹಾನಿ ಮಾಡುವುದು ಸಿಎಫ್‌ಸಿ ಅಲ್ಲ, ನೈಟ್ರಸ್ ಆಕ್ಸೈಡ್ ಎಂದು ಅವರು ತೋರಿಸಿದರು. ಹಲ್ಲಿನ ಡಾಕ್ಟರು ನೋವು ಗೊತ್ತಾಗದಿರಲು ಕೊಡುತ್ತಿದ್ದ ನಗಿಸುವ ಅನಿಲ ಇದೇ. ಮಣ್ಣಿನ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವಾಗ ಸ್ವಲ್ಪ ಸೋರಿ ಹೋಗುವುದು ಸಹಜ. ಬೆಳೆ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಯೂರಿಯಾ ಹಾಕಿದರೆ ಸೋರಿಕೆಯೂ ಹೆಚ್ಚು. ಈ ಅನಿಲವನ್ನು ಹೈಡ್ರಾಕ್ಸಿಲ್ ಮುಟ್ಟುವುದಿಲ್ಲ. ಶತಮಾನಕ್ಕೂ ಮೀರಿ ಬದುಕಿ, ನಿಧಾನವಾಗಿ ಸ್ತರಗೋಳಕ್ಕೆ ಏರಿ, ಅಲ್ಲಿ ಅದರ ಒಂದು ಪಾಲು ಅದೇ ಉದ್ರಿಕ್ತ ಆಮ್ಲಜನಕದ ಪರಮಾಣುವಿಗೆ ಸಿಕ್ಕಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್ ಓಝೋನನ್ನು ಹೇಗೆ ತಿನ್ನುತ್ತದೆಂದು ಪಾಲ್ ಕ್ರುಟ್ಸನ್ 1970ರಲ್ಲೇ ಬರೆದಿದ್ದರು. ಮೊಲಿನಾ, ರೋಲೆಂಡ್ ಜೊತೆ 1995ರ ನೊಬೆಲ್ ಅವರಿಗೂ ಬಂತು.

ಕಿಲೋಗೆ ಕಿಲೋ ಹೋಲಿಸಿದರೆ ನೈಟ್ರಸ್ ಆಕ್ಸೈಡ್ ಬಲಹೀನ. ಸಿಎಫ್‌ಸಿ-11ರ ಹಾನಿ 1 ಎಂದಿಟ್ಟುಕೊಂಡರೆ ಇದರದು 0.017. ಆದರೆ ಮನುಷ್ಯನ ಕೆಲಸಗಳಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಟನ್ ಹೊರಬೀಳುತ್ತದೆ. ಗುಣಿಸಿ ನೋಡಿ, 1.7 ಲಕ್ಷ ಟನ್ ಸಿಎಫ್‌ಸಿ-11ಕ್ಕೆ ಸಮ. ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಅನ್ನಕ್ಕೆ ಬೇಕಾದ ಗೊಬ್ಬರವನ್ನು ಸ್ಪ್ರೇ ಡಬ್ಬಿಯಂತೆ ನಿಷೇಧಿಸಲಾಗದು, ನಿಜ. ಅಳತೆ ನೋಡಿ ಹಾಕಬಹುದು. ಸರ್ಕಾರ 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸುವುದನ್ನು ಕಡ್ಡಾಯ ಮಾಡಿದ್ದರ ಒಂದು ಫಲ ಇಲ್ಲಿಗೂ ಸಲ್ಲುತ್ತದೆ. ಬೇವು ಮಣ್ಣಿನ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನ ಮಾಡುತ್ತದೆ. ಬೆಟ್ಟದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹೊರುವ ಉತ್ತರ ಕನ್ನಡದ ಪದ್ಧತಿಯಿಂದಲೂ ಒಂದಿಷ್ಟು ಸೋರುತ್ತದೆ, ಅದನ್ನು ಮರೆಮಾಚಬೇಕಿಲ್ಲ.

ಈಗ ಯಾಣದ ಶುದ್ಧ ಗಾಳಿಗೆ ಬರೋಣ. ಉಷ್ಣವಲಯದ ಕಾಡಿನ ಬಹಳಷ್ಟು ಮರಗಳು ಬಿಸಿಲಿಗೆ ಐಸೊಪ್ರೀನ್ ಬಿಡುತ್ತವೆ. ಜಗತ್ತಿನ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 50 ಕೋಟಿ ಟನ್, ಮೀಥೇನಿಗೆ ಹತ್ತಿರ ಹತ್ತಿರ. ಹೈಡ್ರಾಕ್ಸಿಲ್‌ಗೆ ಐಸೊಪ್ರೀನ್ ಎಂದರೆ ಬಲು ಇಷ್ಟ, ಒಂದೆರಡು ಗಂಟೆಯಲ್ಲೇ ಮುಗಿಸುತ್ತದೆ. ಹಾಗಾದರೆ ಕಾಡಿನ ಮೇಲೆ ಹೈಡ್ರಾಕ್ಸಿಲ್ ಖಾಲಿಯಾಗಿರಬೇಕು ಎಂದು ಎಲ್ಲರೂ ತಿಳಿದಿದ್ದರು. ದಕ್ಷಿಣ ಅಮೆರಿಕದ ಸುರಿನಾಮ್ ಕಾಡುಗಳ ಮೇಲೆ ವಿಮಾನ ಹಾರಿಸಿ ಅಳೆದವರು 2008ರಲ್ಲಿ ಪ್ರಕಟಿಸಿದ ಅಂಕಿ ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಮುರಿದ ಐಸೊಪ್ರೀನ್‌ನ ತುಂಡುಗಳೇ ಹೈಡ್ರಾಕ್ಸಿಲನ್ನು ಮರಳಿ ಕೊಡುತ್ತವೆ ಎಂಬ ಹೊಸ ರಸಾಯನ ಅದರಿಂದ ಹೊರಬಂತು. ಅಳೆಯುವ ಉಪಕರಣವೇ ಸ್ವಲ್ಪ ಹೆಚ್ಚು ತೋರಿಸುತ್ತಿತ್ತೆಂಬ ತಕರಾರೂ ಹೊರಬಂತು. ಈ ಜಗಳ ಒಳ್ಳೆಯದೇ.

ಆದರೆ ಅದೇ ಕಾಡಿನ ಗಾಳಿಗೆ ವಾಹನಗಳ ನೈಟ್ರೋಜನ್ ಆಕ್ಸೈಡ್ ಬೆರೆತರೆ ಕಥೆ ಬೇರೆ. ಐಸೊಪ್ರೀನ್ ಮುರಿಯುವ ಪ್ರತಿ ಹಂತದಲ್ಲೂ ಓಝೋನ್ ಹುಟ್ಟುತ್ತದೆ. ಮೇಲೆ ಸ್ತರಗೋಳದಲ್ಲಿ ನಮ್ಮನ್ನು ಕಾಯುವ ಓಝೋನ್ ಕೆಳಗೆ ಶ್ವಾಸಕೋಶಕ್ಕೂ ಬೆಳೆಗೂ ವಿಷ. ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ಹಾಯ್ದು ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳಿಗೂ ಬೆಟ್ಟದ ಮರಗಳಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರ್. ಮಳೆಗಾಲದಲ್ಲಿ ಗಾಳಿ ಬೀಸುವುದು ಕಡಲಿನಿಂದ. ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ಹಾಯ್ದು ಬರುವ ಅದು ನಿಜಕ್ಕೂ ತೊಳೆದ ಗಾಳಿ. ಚಳಿಗಾಲದಲ್ಲಿ ದಿಕ್ಕು ತಿರುಗಿ ಬಯಲುಸೀಮೆಯ, ಅದರಾಚೆಯ ಗಾಳಿ ಘಟ್ಟ ಇಳಿದು ಕಡಲಿಗೆ ಹೋಗುತ್ತದೆ. ಭಾರತದ ಹೊಗೆ ಹಿಂದೂ ಮಹಾಸಾಗರದ ಮೇಲೆ ಕಂದು ಚಾದರವಾಗಿ ಹರಡುವುದನ್ನು 1999ರ ‘ಇಂಡೋಎಕ್ಸ್’ ಪ್ರಯೋಗದಲ್ಲಿ ಹಡಗು, ವಿಮಾನಗಳಿಂದ ಅಳೆದು ತೋರಿಸಿದ್ದು ಇದೇ ಋತುವಿನಲ್ಲಿ.

2020ರಲ್ಲಿ ರವಿಶಂಕರ, ಲಿಜಿ ಡೇವಿಡ್, ಜೆಫ್ರಿ ಪಿಯರ್ಸ್ ಮತ್ತು ಮುಂಬಯಿ ಐಐಟಿಯ ಚಂದ್ರಾ ವೆಂಕಟರಾಮನ್ ಸೇರಿ ಒಂದು ಲೇಖನ ಬರೆದರು. ಭಾರತದ ವಾಯುಮಾಲಿನ್ಯ ನಗರಗಳ ಸಮಸ್ಯೆ ಮಾತ್ರ ಅಲ್ಲ ಎಂಬುದೇ ಅದರ ತಲೆಬರಹದ ಅರ್ಥ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳ ವಿಷಯದಲ್ಲಿ ಹಳ್ಳಿಯವರ ಪಾಡು ನಗರದವರಿಗಿಂತ ಬಹಳ ಬೇರೆಯೇನಲ್ಲ. ಜನಸಂಖ್ಯೆ ಹೆಚ್ಚಿರುವುದರಿಂದ ಅಕಾಲ ಮರಣದಲ್ಲಿ ಹಳ್ಳಿಗಳ ಪಾಲೇ ದೊಡ್ಡದು. ಅಳೆಯುವ ಕೇಂದ್ರಗಳು ಮಾತ್ರ ಹೆಚ್ಚಾಗಿ ನಗರಗಳಲ್ಲಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಉತ್ತರ ಕನ್ನಡದ ಒಂದು ಊರೂ ಇಲ್ಲ. ಇರಬೇಕಾದಷ್ಟು ಕೆಟ್ಟಿಲ್ಲ ಎಂದು ಹೇಳುವವರು ಅಳೆದು ಹೇಳಬೇಕು.

ನಮ್ಮ ಕಡೆಯ ಹೊಗೆಯ ಮೂಲ ದೊಡ್ಡ ಚಿಮಣಿಗಳಲ್ಲ. ಬೆಳಿಗ್ಗೆ ಐದೂವರೆಗೆ ಮನೆಮನೆಯ ಬಚ್ಚಲೊಲೆ ಹೊತ್ತುತ್ತದೆ. ಹಂಡೆಯ ಬುಡಕ್ಕೆ ಇಬ್ಬನಿಗೆ ನೆಂದ ದರಕು, ತೆಂಗಿನ ಮಡಲು, ಅಡಿಕೆ ಹಾಳೆ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ ಕಟ್ಟಿಗೆಯೇ. ಅಡಿಕೆ ಕೊಯ್ಲಿನ ಕಾಲದಲ್ಲಿ ಬೇಯಿಸುವ ಒಲೆ ಬೇರೆ. ಹಸಿ ಕಟ್ಟಿಗೆ ಪೂರ್ತಿ ಉರಿಯದೆ ಬಿಡುವ ಹಳದಿ-ಬೂದು ಹೊಗೆ ಮಾಡಿನ ಸಂದಿಯಲ್ಲಿ ನುಸುಳಿ ತೋಟದ ಮೇಲೆ ಹಾಸಿಕೊಂಡು, ಬಿಸಿಲೇರುವವರೆಗೂ ಅಲ್ಲೇ ನಿಂತಿರುತ್ತದೆ. ಬಚ್ಚಲಿನ ಗೋಡೆ ತಿಕ್ಕಿದರೆ ಕೈಗೆ ಬರುವ ಇಲ್ಲಣ ಅದರ ದಪ್ಪ ಭಾಗ. ಕಣ್ಣಿಗೆ ಕಾಣದ ಸಣ್ಣ ಭಾಗ ಎದೆಯೊಳಗೆ ಹೋಗಿರುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಗುಂಪು ಹೊಗೆ ಕೊಳವೆಯ ಅಸ್ತ್ರ ಒಲೆ ಮಾಡಿಕೊಟ್ಟಿದ್ದು ಅಡುಗೆಮನೆಗೆ. ಬಚ್ಚಲನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಈ ಮಸಿಯ ಕಣಗಳ ಮುಂದೆ ಹೈಡ್ರಾಕ್ಸಿಲ್ ಕೈಚೆಲ್ಲುತ್ತದೆ. ಅದು ಅನಿಲದ ಅಣುಗಳನ್ನು ಮುರಿಯಬಲ್ಲದು, ಕೋಟ್ಯಂತರ ಪರಮಾಣುಗಳ ಗಟ್ಟಿ ಕಣವನ್ನಲ್ಲ. ಕಣವನ್ನು ಇಳಿಸುವುದು ಮಳೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕುಮಟೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಒಲೆ ಹೆಚ್ಚು ಉರಿಯುವುದು, ಬೆಳಗಿನ ಚಳಿಗೆ ಹೊಗೆ ನೆಲಕ್ಕೆ ಕಚ್ಚಿಕೊಂಡಿರುವುದು, ಯಾಣಕ್ಕೆ ಜನ ಸಾಲುಗಟ್ಟುವುದು, ಎಲ್ಲವೂ ಆ ತಿಂಗಳುಗಳಲ್ಲೇ. ಗಾಳಿಯಲ್ಲಿ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ದೇಶದ ಕಾನೂನು, 5 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ. ಹೊಗೆ ತುಂಬಿದ ಬಚ್ಚಲಲ್ಲಿ ಬೆಂಕಿ ಊದುತ್ತ ಕುಳಿತವರು ಈ ಎರಡು ಅಂಕಿಗಳನ್ನೂ ಎಷ್ಟೋ ಮೀರಿದ ಗಾಳಿಯಲ್ಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು.

ಅದಕ್ಕೇ ಈ ಅಧ್ಯಾಯ ಓದಿದವರಲ್ಲಿ ಒಂದು ಕೇಳಿಕೆ. ಬಚ್ಚಲೊಲೆ ಹೊತ್ತಿಸಲು ಎಣ್ಣೆ ಪ್ಯಾಕೆಟ್ಟು, ಹಾಲಿನ ಕವರು, ಪ್ಲಾಸ್ಟಿಕ್ ಚೀಲ ತುರುಕುವ ರೂಢಿಯನ್ನು ನಾಳೆ ಬೆಳಿಗ್ಗೆಯಿಂದಲೇ ಬಿಡಿ. ಕಟ್ಟಿಗೆಯನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಅಟ್ಟಕ್ಕೇರಿಸಿ. ಒಲೆಗೆ ಮಾಡು ದಾಟುವ ಹೊಗೆ ಕೊಳವೆ ಇಡಿಸಿ. ನಿಮ್ಮ ಗ್ರಾಮಸಭೆಯಲ್ಲಿ ಎದ್ದುನಿಂತು, ಗಾಳಿ ಅಳೆಯುವ ಒಂದು ಕೇಂದ್ರ ನಮ್ಮ ತಾಲ್ಲೂಕಿಗೂ ಬೇಕು ಎಂದು ಕೇಳಿ.